ಬೊಂಬೆಯೊಳಗಿನ ಬೆರಳು

ಜೂನ್ ತಿಂಗಳ ಮೊದಲ ವಾರದಲ್ಲಿ ಮಂಗಳೂರಿನ ಹಳೆಯ ಬಂದರಿನ ದಕ್ಕೆಗೆ ಹೋಗಿ ನಿಂತವರಿಗೆ, ವರ್ಷದ ಉಳಿದ ದಿನಗಳಲ್ಲಿ ಎಂದೂ ಕಾಣದ ಒಂದು ನಿಶ್ಚಲತೆ ಕಣ್ಣಿಗೆ ಬೀಳುತ್ತದೆ. ಮೀನುಗಳ ಸಂತಾನವೃದ್ಧಿಗೆ ಅವಕಾಶವಾಗಲೆಂದು ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನಗಳ ಕಾಲ, ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆದುದರಿಂದ ನೇತ್ರಾವತಿಯೂ ಫಲ್ಗುಣಿಯೂ ಒಂದಾಗಿ ಸಮುದ್ರವನ್ನು ಸೇರುವ ಆ ಅಳಿವೆಯ ಒಳಮಗ್ಗುಲಿನಲ್ಲಿ ನೂರಾರು ದೋಣಿಗಳು ಒಂದರ ಪಕ್ಕೆಗೊಂದು ಒರಗಿಕೊಂಡು, ಮಳೆಯ ಹೊಡೆತಕ್ಕೆ ಮೈಯೊಡ್ಡಿ, ಸುಮ್ಮನೆ ನಿಂತಿರುತ್ತವೆ. ಆದರೆ ಆ ನಿಶ್ಚಲತೆಯ ನಡುವೆಯೂ ನಿಲ್ಲದೆ ಚಲಿಸುವ ವಸ್ತುವೊಂದಿದೆ. ಅದು ಬಲೆ ಕಟ್ಟುವವರ ಕೈ. ತಾಡಪಾಲಿನ ಮರೆಯಲ್ಲಿ ಕಾಲು ಚಾಚಿ ಕುಳಿತು, ಹರಿದ ಬಲೆಯ ಅಂಚನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಮಾಡಿಕೊಂಡು, ದಾರ ಸುತ್ತಿದ ಚಪ್ಪಟೆಯಾದ ಸೂಜಿಯನ್ನು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾಟಿಸುತ್ತ, ಪ್ರತಿಯೊಂದು ಕಣ್ಣನ್ನೂ ಅದೇ ಅಳತೆಗೆ ತಂದು ಗಂಟಿಕ್ಕುತ್ತ ಹೋಗುವ ಆ ಹಿರಿಯರನ್ನು ನಾನು ಎಷ್ಟೋ ಮಳೆಗಾಲಗಳಿಂದ ನೋಡುತ್ತ ಬಂದಿದ್ದೇನೆ. ಅವರ ಮಾತು ಮನೆಯ ವಿಚಾರವಾಗಿಯೋ ಮಳೆಯ ವಿಚಾರವಾಗಿಯೋ ನಡೆಯುತ್ತಿರುತ್ತದೆ. ಕೈ ಮಾತ್ರ ತನ್ನ ಪಾಡಿಗೆ ತಾನು ಲೆಕ್ಕ ತಪ್ಪದೆ ದುಡಿಯುತ್ತಿರುತ್ತದೆ.

ಇದೇ ಎರಡು ತಿಂಗಳುಗಳು ನಮ್ಮ ಊರಿನ ಆಸ್ಪತ್ರೆಗಳಲ್ಲಿ ಮಕ್ಕಳ ವಾರ್ಡುಗಳು ತುಂಬುವ ಕಾಲವೂ ಹೌದು. ಮಳೆ ಹಿಡಿದು ನೀರು ನಿಂತಿತೆಂದರೆ ಮಲೇರಿಯವೂ ಡೆಂಗಿಯೂ ಮನೆಮನೆಯ ಬಾಗಿಲು ತಟ್ಟುತ್ತವೆ. ಕೆಮ್ಮು, ಉಬ್ಬಸ, ಕಾಮಾಲೆ ಅವುಗಳ ಬೆನ್ನಿಗೇ ಬರುತ್ತವೆ. ಬಂದರಿನ ಓಣಿಗಳಿಂದ ಕಾಲ್ನಡಿಗೆಯ ದೂರದಲ್ಲಿರುವ, 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆಗೆ ಈ ಜಿಲ್ಲೆಯವರು ಮಾತ್ರವಲ್ಲದೆ ಕೊಡಗು, ಕಾಸರಗೋಡು, ಚಿಕ್ಕಮಗಳೂರು, ಉತ್ತರ ಕನ್ನಡ ಮೊದಲಾದ ಕಡೆಗಳಿಂದಲೂ ಬಡವರು ಮಕ್ಕಳನ್ನೆತ್ತಿಕೊಂಡು ಬರುತ್ತಾರೆ. ಒಂದು ಕಡೆ ಕಡಲಿಗೆ ಹೋಗಲಾರದೆ ಬಿಡುವಾದ ಕೈಗಳು, ಇನ್ನೊಂದು ಕಡೆ ಹಿಡಿದುಕೊಳ್ಳಲು ಏನೂ ಇಲ್ಲದ ಪುಟ್ಟ ಕೈಗಳು, ಇವೆರಡರ ನಡುವೆ ಇರುವುದು ಒಂದು ಮೈಲಿಯಷ್ಟೂ ಇಲ್ಲದ ಹಾದಿ. ಈ ಹಾದಿಯನ್ನು ಒಂದು ನೂಲಿನ ಎಳೆಯಿಂದ ಕೂಡಿಸಬಹುದಲ್ಲವೆ ಎಂಬುದೇ ಈ ಲೇಖನದಲ್ಲಿ ನಾನು ಓದುಗರ ಮುಂದೆ ಇಡಬಯಸುವ ವಿಚಾರ.

ಈ ಆಲೋಚನೆ ನನಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ, ಜ್ವರ ಹಿಡಿದು ಮಲಗಿದ್ದ ಮೊಮ್ಮಗನ ಹಾಸಿಗೆಯ ಪಕ್ಕದಲ್ಲಿ, ಊರಿನ ಒಂದು ಆಸ್ಪತ್ರೆಯಲ್ಲಿ, ನಾನು ನಾಲ್ಕು ರಾತ್ರಿ ಕಳೆದೆನು. ಎಡಗಡೆಯ ಹಾಸಿಗೆಯಲ್ಲಿ ಐದು ವರ್ಷದ ಒಂದು ಹೆಣ್ಣುಮಗು. ತಂದೆ ಕೊಪ್ಪಳದ ಕಡೆಯಿಂದ ಬಂದು ಬಂದರಿನ ಮಂಡಿಗಳಲ್ಲಿ ಮೂಟೆ ಹೊರುತ್ತಿದ್ದವನು. ಹಗಲು ಅವನು ಕೂಲಿಗೆ ಹೋಗಲೇಬೇಕು. ತಾಯಿಯ ಮಡಿಲಲ್ಲಿ ಇನ್ನೂ ಒಂದು ಕೂಸು. ಆ ಮಗು ಎರಡು ದಿನ ಯಾರೊಡನೆಯೂ ಒಂದು ಮಾತನ್ನೂ ಆಡಿರಲಿಲ್ಲ. ದಾದಿಯು ಹತ್ತಿರ ಬಂದರೆ ಸಾಕು, ರಟ್ಟಿನ ಪಟ್ಟಿ ಕಟ್ಟಿದ್ದ ಎಡಗೈಯನ್ನು ಎದೆಗೊತ್ತಿಕೊಂಡು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿತ್ತು. ರಕ್ತ ತೆಗೆಯುವ ಹೊತ್ತಿನಲ್ಲಿ ಇಬ್ಬರು ಹಿಡಿದುಕೊಳ್ಳಬೇಕಾಗುತ್ತಿತ್ತು. ಆ ಹಿಡಿತದಿಂದ ಭಯ ಇಮ್ಮಡಿಯಾಗುತ್ತಿತ್ತು. ಮರುದಿನ ಮೂವರು ಹಿಡಿಯಬೇಕಾಗುತ್ತಿತ್ತು. ಇದರಲ್ಲಿ ಯಾರ ಕ್ರೌರ್ಯವೂ ಇರಲಿಲ್ಲ. ದಾದಿಯರ ಕೈತುಂಬ ಕೆಲಸ, ಮಗುವಿನ ಮನತುಂಬ ಭಯ.

ಬಲಗಡೆಯ ಹಾಸಿಗೆಯಲ್ಲಿದ್ದ ಹುಡುಗನನ್ನು ನೋಡಿಕೊಳ್ಳುತ್ತಿದ್ದವರು ಬಂದರಿನವರೇ ಆದ ಒಬ್ಬ ವೃದ್ಧ ಬ್ಯಾರಿ ಮಹಿಳೆ. ಆಕೆ ಮೊಮ್ಮಗನಿಗಾಗಿ ಬಿಳಿಯ ಹತ್ತಿನೂಲಿನ ಟೊಪ್ಪಿಯೊಂದನ್ನು ಕೊಕ್ಕೆಸೂಜಿಯಿಂದ ಹೆಣೆಯುತ್ತಿದ್ದರು, ಅರ್ಧ ಮುಗಿದಿತ್ತು. ಮೂರನೆಯ ದಿನ ಬೆಳಿಗ್ಗೆ ದಾದಿಯು ಸೂಜಿಯ ತಟ್ಟೆಯನ್ನು ಹಿಡಿದು ಬಂದು, ಆ ಹೆಣ್ಣುಮಗು ಎಂದಿನಂತೆ ಗೋಡೆಯ ಕಡೆಗೆ ತಿರುಗಿದಾಗ, ಈ ಮುದುಕಿ ತಮ್ಮ ಸ್ಥಳದಿಂದ ಎದ್ದರು. ಕೈಚೀಲದಿಂದ ಕಪ್ಪುದಾರವನ್ನು ತೆಗೆದು, ಅರೆಮುಗಿದ ಆ ಟೊಪ್ಪಿಯ ಮೇಲೆ ಎರಡು ಹೊಲಿಗೆ ಹಾಕಿ ಎರಡು ಕಣ್ಣು ಮಾಡಿದರು. ಅದನ್ನು ಬೆರಳುಗಳಿಗೆ ತೊಡಿಸಿಕೊಂಡು, ಹಾಸಿಗೆಯ ಅಂಚಿನ ಕೆಳಗಿನಿಂದ ಮೆಲ್ಲನೆ ಮೇಲಕ್ಕೆ ಎತ್ತಿದರು. ಬೊಂಬೆ ಮಗುವನ್ನು ನೋಡಿತು. ಸೂಜಿಯ ತಟ್ಟೆಯನ್ನು ನೋಡಿತು. ಕೂಡಲೇ ಗಡಗಡನೆ ನಡುಗಿ ಮಗುವಿನ ಕಂಕುಳಲ್ಲಿ ಮುಖ ಮರೆಸಿಕೊಂಡಿತು. ಮಗು ಬೆಚ್ಚಿ ನೋಡಿತು. ಬೊಂಬೆ ಇನ್ನೂ ನಡುಗುತ್ತಿತ್ತು. ಆಗ ಎರಡು ದಿನ ಬಾಯಿ ಬಿಡದಿದ್ದ ಆ ಹುಡುಗಿ ತನ್ನ ಬಲಗೈಯನ್ನು ಬೊಂಬೆಯ ತಲೆಯ ಮೇಲಿಟ್ಟು, ತನ್ನ ಊರಿನ ಕನ್ನಡದಲ್ಲಿ, "ಅಂಜಬ್ಯಾಡ, ಇರುವಿ ಕಡದಂಗ ಆಗತೈತಿ ಅಷ್ಟ" ಎಂದಳು. ಎಡಗೈಯನ್ನು ತಾನಾಗಿಯೇ ಚಾಚಿದಳು. ಚುಚ್ಚುವಾಗ ಅವಳ ಕಣ್ಣಲ್ಲಿ ನೀರು ಬಂದಿತು. ಆದರೆ ಬಲಗೈ ಬೊಂಬೆಯ ತಲೆಯನ್ನು ಸವರುವುದನ್ನು ಬಿಡಲಿಲ್ಲ.

ಆ ಮುದುಕಿಗೆ ಕೊಪ್ಪಳದ ಕನ್ನಡ ಬಾರದು. ಆ ಮಗುವಿಗೆ ಬ್ಯಾರಿ ಭಾಷೆ ತಿಳಿಯದು. ಅವರಿಬ್ಬರ ನಡುವೆ ನಡೆದ ಸಂಭಾಷಣೆಗೆ ಭಾಷೆಯಾದುದು ಒಂದು ನಡುಕ ಮಾತ್ರ. ಅಂದಿನಿಂದ ನಾನು ಈ ಸಂಗತಿಯನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ನಾವೆಲ್ಲರೂ ಆ ಮಗುವಿಗೆ ಸಾಂತ್ವನವನ್ನು ಕೊಡಲು ಪ್ರಯತ್ನಿಸಿದ್ದೆವು. ಬಿಸ್ಕೆಟ್ಟು ಕೊಟ್ಟಿದ್ದೆವು, ತಲೆ ನೇವರಿಸಿದ್ದೆವು, "ಹೆದರಬೇಡ" ಎಂದು ನೂರು ಸಲ ಹೇಳಿದ್ದೆವು. ನಮ್ಮ ಪ್ರಯತ್ನವೆಲ್ಲ ವ್ಯರ್ಥವಾದುದಕ್ಕೆ ಕಾರಣ, ನಾವು ಅವಳನ್ನು ಕೇವಲ ಪಡೆಯುವವಳ ಸ್ಥಾನದಲ್ಲಿ ಕೂರಿಸಿದ್ದುದು. ಬೊಂಬೆಯಾದರೋ ಅವಳಿಗಿಂತಲೂ ಹೆಚ್ಚು ಹೆದರಿದ ಜೀವವಾಗಿ ಬಂದು, ಅವಳನ್ನು ಕೊಡುವವಳ ಸ್ಥಾನಕ್ಕೆ ಏರಿಸಿತು. ಅಭಯವನ್ನು ಬೇಡುತ್ತಿದ್ದವಳು ಅಭಯವನ್ನು ಕೊಡುವವಳಾದಳು. ಕೊಡುವುದಕ್ಕಾಗಿ ತನ್ನೊಳಗೆ ಹುಡುಕಿದಾಗ ಆ ಧೈರ್ಯ ಅವಳಿಗೆ ಅಲ್ಲಿಯೇ ದೊರೆಯಿತು. ಲೋಕದ ದಾನಗಳಲ್ಲಿ ಬಹುಪಾಲು ಪಡೆದವನನ್ನು ತುಸು ಕುಗ್ಗಿಸುತ್ತವೆ. ಪಡೆದವರನ್ನೇ ದಾನಿಯನ್ನಾಗಿ ಮಾಡುವ ದಾನ ಅಪೂರ್ವವಾದುದು. ಈ ಪುಟ್ಟ ಕೈಬೊಂಬೆ ಅಂಥ ದಾನ ಎಂದು ನಾನು ನಂಬುತ್ತೇನೆ.

ಇಲ್ಲಿ ಬೊಂಬೆಗೂ ಕೈಬೊಂಬೆಗೂ ಇರುವ ಭೇದವನ್ನು ಗಮನಿಸಬೇಕು. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯಾಗಲಿ ಕಿನ್ನಾಳದ ಬೊಂಬೆಯಾಗಲಿ ತಾನೇ ಪೂರ್ಣವಾದ ವಸ್ತು. ಕಪಾಟಿನಲ್ಲಿಟ್ಟರೂ ಅದು ಬೊಂಬೆಯೇ. ಕೈಬೊಂಬೆ ಹಾಗಲ್ಲ. ಕೈಯಿಲ್ಲದಿದ್ದಾಗ ಅದು ಬರಿಯ ಚೀಲ; ಒಳಗೆ ಬೆರಳು ಸೇರಿದ ಕ್ಷಣದಲ್ಲಿ ಮಾತ್ರ ಅದಕ್ಕೆ ಪ್ರಾಣ ಬರುತ್ತದೆ. ನಮ್ಮ ಕರಾವಳಿಗೆ ಗೊಂಬೆಯಾಟವೇನೂ ಹೊಸತಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವನ್ನೂ, ಕಾಸರಗೋಡಿನಲ್ಲಿ ಕೆ. ವಿ. ರಮೇಶರು ನಡೆಸಿಕೊಂಡು ಬಂದ ಗೊಂಬೆಯಾಟವನ್ನೂ ಕಂಡವರಿಗೆ, ಮರದ ತುಂಡೊಂದು ಭಾಗವತಿಕೆಯ ತಾಳಕ್ಕೆ ಕಿರೀಟ ಕೊಂಕಿಸಿ ಕುಣಿಯುವಾಗ ಎಂಥ ಮಾಯೆ ಆವರಿಸುತ್ತದೆಂಬುದು ತಿಳಿದಿದೆ. ಅಲ್ಲಿ ಸೂತ್ರಧಾರನು ಮೇಲೆ, ಪರದೆಯ ಮರೆಯಲ್ಲಿ ನಿಂತು, ದಾರಗಳ ಮೂಲಕ ಆಡಿಸುತ್ತಾನೆ. ಪಾಲಕ್ಕಾಡಿನ ಕಡೆಯ ಪಾವಕಥಕಳಿಯಲ್ಲಾದರೋ ಆಡಿಸುವವನ ಕೈ ಬೊಂಬೆಯ ಉಡುಪಿನೊಳಗೇ ಇರುತ್ತದೆ. ರೋಗಶಯ್ಯೆಯ ಪಕ್ಕಕ್ಕೆ ಬೇಕಾದುದು ಈ ಎರಡನೆಯ ಬಗೆ. ಅದಕ್ಕೆ ವೇದಿಕೆ ಬೇಡ, ದೀಪ ಬೇಡ, ವಿದ್ಯೆಯೂ ಹೆಚ್ಚಿಗೆ ಬೇಡ. ಹತ್ತಿರ ಕುಳಿತ ಒಬ್ಬರ ಕೈ ಬೇಕು. ಅಂದರೆ ಕೈಬೊಂಬೆಯನ್ನು ಕೊಟ್ಟವರು ವಸ್ತುವನ್ನು ಮಾತ್ರ ಕೊಟ್ಟಂತಾಗಲಿಲ್ಲ. ಮಗುವಿನ ಬಳಿ ಯಾರಾದರೊಬ್ಬರು ಕೂರಲೇಬೇಕೆಂಬ ಒಂದು ಏರ್ಪಾಡನ್ನೂ ಕೊಟ್ಟಂತಾಯಿತು. ಮೂಟೆ ಹೊತ್ತು ಬಳಲಿ ಸಂಜೆ ಬಂದ ಆ ತಂದೆ, ಮಗಳ ಒತ್ತಾಯಕ್ಕೆ, ತನ್ನ ಒರಟು ಬೆರಳುಗಳನ್ನು ಆ ಬಿಳಿಯ ಟೊಪ್ಪಿಯೊಳಗೆ ತೂರಿಸಿ ಕುಳಿತುದನ್ನು ನಾನು ನೋಡಿದೆನು.

ಮೆತ್ತನೆಯ ಸ್ಪರ್ಶಕ್ಕೂ ಜೀವದ ನೆಮ್ಮದಿಗೂ ಇರುವ ನಂಟನ್ನು ವಿಜ್ಞಾನವೂ ಒಪ್ಪಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾಯಿಯಿಂದ ಅಗಲಿಸಿದ ಕೋತಿಮರಿಗಳ ಮುಂದೆ ಎರಡು ಕೃತಕ ತಾಯಂದಿರನ್ನು ಇರಿಸಿದನು; ಒಂದು ತಂತಿಯದು, ಇನ್ನೊಂದು ಬಟ್ಟೆ ಹೊದಿಸಿದುದು. ಹಾಲಿನ ಸೀಸೆಯನ್ನು ತಂತಿಯ ತಾಯಿಗೆ ಕಟ್ಟಿದಾಗಲೂ, ಮರಿಗಳು ಹಸಿವಾದಾಗ ಮಾತ್ರ ಅತ್ತ ಹೋಗಿ ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿರುತ್ತಿದ್ದುವು. ಬೆದರಿದಾಗಲಂತೂ ಅದರ ಬಳಿಗೇ ಓಡುತ್ತಿದ್ದುವು. ಆ ಪ್ರಯೋಗಗಳಲ್ಲಿ ಮರಿಗಳು ಪಟ್ಟ ಯಾತನೆಯನ್ನು ನೆನೆದರೆ ಮನಸ್ಸು ಕಲಕುತ್ತದೆ. ಆದರೆ ಅವು ನಮಗೆ ಕಲಿಸಿದ ಪಾಠವನ್ನು ನಾವು ವ್ಯರ್ಥಗೊಳಿಸಬಾರದು. ಅದಕ್ಕಿಂತ ಕೆಲವು ವರ್ಷಗಳ ಮೊದಲೇ ಇಂಗ್ಲೆಂಡಿನ ಶಿಶುವೈದ್ಯ ಡೊನಾಲ್ಡ್ ವಿನಿಕಾಟ್, ಎಳೆಯ ಮಕ್ಕಳು ಹಗಲಿರುಳು ಬಿಡದೆ ಹಿಡಿದಿರುವ ಚಿಂದಿ ಬಟ್ಟೆಗೂ ಬೊಂಬೆಗೂ ಗಂಭೀರವಾದ ಅರ್ಥವಿದೆಯೆಂದೂ, ತಾಯಿಯ ಮಡಿಲಿನಿಂದ ಹೊರಜಗತ್ತಿಗೆ ದಾಟುವ ಮಗುವಿಗೆ ಅದು ಒಂದು ಸೇತುವೆಯೆಂದೂ ವಿವರಿಸಿದ್ದನು. ನಮ್ಮ ಅಜ್ಜಿಯರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಆದರೂ ಊರು ಬಿಟ್ಟು ಹೋಗುವ ಮಗುವಿನ ಕೈಗೆ ತಮ್ಮ ಹಳೆಯ ಸೀರೆಯ ತುಂಡೊಂದನ್ನು ಅವರು ಕೊಡುತ್ತಿದ್ದರು.

ಅಪರಿಚಿತ ಮಕ್ಕಳಿಗಾಗಿ ಬೊಂಬೆ ಹೆಣೆಯುವ ಈ ಕಾರ್ಯವನ್ನು ಲೋಕದ ಬೇರೆ ಬೇರೆ ಕಡೆಗಳಲ್ಲಿ ಸಾಮಾನ್ಯ ಜನರೇ ಆರಂಭಿಸಿದ್ದಾರೆ. ಮಾರ್ಕ್ ಇಸ್‌ಫೆಲ್ಡ್ ಎಂಬ ಕೆನಡದ ಯುವ ಯೋಧನು ವಿಶ್ವಸಂಸ್ಥೆಯ ಶಾಂತಿಪಾಲನೆಯ ದಳದಲ್ಲಿ ಕ್ರೊಯೇಶಿಯದಲ್ಲಿದ್ದಾಗ, ಯುದ್ಧದಲ್ಲಿ ಹಾಳಾದ ಮನೆಯೊಂದರ ಅವಶೇಷದ ನಡುವೆ ಬಿದ್ದಿದ್ದ ಒಂದು ಬೊಂಬೆಯನ್ನು ಕಂಡು ಮನಕರಗಿ, ಅದರ ಚಿತ್ರವನ್ನು ಮನೆಗೆ ಕಳುಹಿಸಿದನು. ಅವನ ತಾಯಿ ಕ್ಯಾರೊಲ್ ಸಣ್ಣ ಸಣ್ಣ ನೂಲಿನ ಬೊಂಬೆಗಳನ್ನು ಹೆಣೆದು ಕಳುಹಿಸತೊಡಗಿದಳು; ಜೇಬಿನಲ್ಲಿ ಹಿಡಿಸುವ ಆ ಬೊಂಬೆಗಳನ್ನು ಅವನು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಹಂಚುತ್ತಿದ್ದನು. 1994ರ ಜೂನ್ 21ರಂದು, ನೆಲಬಾಂಬುಗಳನ್ನು ತೆಗೆಯುವ ಕೆಲಸದಲ್ಲಿದ್ದಾಗ, ಸ್ಫೋಟಕ್ಕೆ ಸಿಕ್ಕಿ ಅವನು ಮೃತನಾದನು. ಮಗನು ಹೋದ ಮೇಲೆ ತಾಯಿ ಸೂಜಿಯನ್ನು ಕೆಳಗಿಡಲಿಲ್ಲ. ಅವನ ಅಡ್ಡಹೆಸರಿನಿಂದ 'ಇಜ್ಜಿ ಬೊಂಬೆ' ಎಂದು ಕರೆಯಲ್ಪಡುವ ಆ ಬೊಂಬೆಗಳನ್ನು ಇಂದಿಗೂ ಅನೇಕ ಕೈಗಳು ಹೆಣೆಯುತ್ತಿವೆ. ಅವು ಅನೇಕ ದೇಶಗಳ ಮಕ್ಕಳ ಕೈ ಸೇರಿವೆ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 2004ರ ಡಿಸೆಂಬರ್ 26ರ ಸುನಾಮಿಯು ಕೋರಮಂಡಲ ತೀರವನ್ನು ಅಪ್ಪಳಿಸಿದ ಅನಂತರ, ಆರೊವಿಲ್ಲಿನ ಉಪಾಸನಾ ಎಂಬ ಸಂಸ್ಥೆಯು, ಉಮಾ ಪ್ರಜಾಪತಿಯವರ ನೇತೃತ್ವದಲ್ಲಿ, ಮೀನುಗಾರ ಹಳ್ಳಿಗಳ ಹೆಂಗಸರಿಗೆ ಬಟ್ಟೆಯ ಚೂರುಗಳಿಂದ ಕಿರುಬೆರಳಿನಷ್ಟು ಚಿಕ್ಕ ಬೊಂಬೆಗಳನ್ನು ಮಾಡುವುದನ್ನು ಕಲಿಸಿತು. 'ಸುನಾಮಿಕಾ' ಎಂದು ಹೆಸರಿಟ್ಟ ಆ ಬೊಂಬೆಯನ್ನು ಮಾರಲಿಲ್ಲ. ಉಡುಗೊರೆಯಾಗಿ ಮಾತ್ರ ಕೊಟ್ಟರು. ಕಡಲೇ ಬದುಕು, ಕಡಲೇ ಮೃತ್ಯುವಾದ ಆ ಹೆಂಗಸರು ಬೊಂಬೆಗೆ ಕಣ್ಣು ಮೂಗು ಹೊಲಿಯುತ್ತ ಕುಳಿತಾಗ, ಬೇರೆಯವರಿಗೆ ಸಾಂತ್ವನವನ್ನು ಸಿದ್ಧಪಡಿಸುವ ಕೆಲಸದಲ್ಲಿಯೇ ತಮ್ಮ ಸಾಂತ್ವನವನ್ನೂ ಕಂಡುಕೊಂಡರು. 2018ರ ಆಗಸ್ಟಿನ ನೆರೆಯಲ್ಲಿ ಕೇರಳದ ಚೇಂದಮಂಗಲದ ಕೈಮಗ್ಗದ ಸೀರೆಗಳು ಕೆಸರು ಹಿಡಿದು ನಿಷ್ಪ್ರಯೋಜಕವಾದಾಗ, ಅವುಗಳನ್ನು ಸುಟ್ಟುಹಾಕುವ ಬದಲು ತೊಳೆದು, ಕತ್ತರಿಸಿ, 'ಚೇಕುಟ್ಟಿ' ಎಂಬ ಪುಟ್ಟ ಬೊಂಬೆಗಳನ್ನು ಮಾಡಿ, ನೇಕಾರರನ್ನು ಮತ್ತೆ ನಿಲ್ಲಿಸಿದರು; ಒಂದು ಸೀರೆಯಿಂದ 360 ಬೊಂಬೆಗಳಾಗುತ್ತಿದ್ದುವು. ಬೊಂಬೆಯ ಮೇಲೆ ಉಳಿದ ಕಲೆಯನ್ನು ಅವರು ಮರೆಮಾಡಲಿಲ್ಲ. ಈ ಎರಡು ಉದಾಹರಣೆಗಳೂ ನಮ್ಮಂಥದೇ ಜನರವು, ನಮ್ಮದೇ ನೀರಿನ ಅಂಚಿನವು.

ಹಾಗಾದರೆ ಬಂದರಿಗೆ ಏನು ಕೊರತೆ? ನೂಲಿನ ವಿದ್ಯೆ ಈ ಊರಿನ ರಕ್ತದಲ್ಲಿಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಈ ಊರಿಗೆ ಅಚ್ಚುಕೂಟವನ್ನೂ ಹೆಂಚಿನ ಕಾರ್ಖಾನೆಯನ್ನೂ ಕೊಟ್ಟುದನ್ನು ಎಲ್ಲರೂ ಬಲ್ಲರು. 1851ರ ಸುಮಾರಿಗೆ ಇಲ್ಲಿಗೆ ಬಂದ ಜಾನ್ ಹಾಲರ್ ಮಿಶನ್ನಿನ ನೇಯ್ಗೆಶಾಲೆಯಲ್ಲಿ ಹೊಸ ಬಗೆಯ ಮಗ್ಗಗಳನ್ನು ನಿಲ್ಲಿಸಿದನೆಂಬುದೂ, ಖಾಕಿ ಬಣ್ಣದ ಬಟ್ಟೆ ಆ ನೇಯ್ಗೆಶಾಲೆಯಲ್ಲಿ ತಯಾರಾಯಿತೆಂಬುದೂ ಅಷ್ಟೇ ಸ್ಮರಣೀಯವಾದುದು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯೂ ಹೆಣಿಗೆಯೂ ಪಾಠದ ಭಾಗವಾದುವು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮೇಜಿನ ಮೇಲೆ ಹಾಸಿದ ಕ್ರೋಶಾ ವಸ್ತ್ರಗಳನ್ನು ಅಜ್ಜಿಯರು ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಜೀನತ್ ಬಕ್ಷ್ ಮಸೀದಿಯ ಸುತ್ತಣ ಓಣಿಗಳ ಮನೆಗಳಲ್ಲಿ ಟೊಪ್ಪಿಗೆ ಕೊಕ್ಕೆಸೂಜಿ ಹಿಡಿದ ಹೆಂಗಸರಿದ್ದಾರೆ. ಮೊಗವೀರರ ಮನೆಗಳಲ್ಲಿ ಬಲೆಯ ಗಂಟನ್ನು ಕಣ್ಣುಮುಚ್ಚಿ ಹಾಕಬಲ್ಲ ಹಿರಿಯರಿದ್ದಾರೆ. ಲಕ್ಷದ್ವೀಪಕ್ಕೆ ಅಕ್ಕಿ ತರಕಾರಿಗಳನ್ನು ತುಂಬಿ ಕಳುಹಿಸುವ ಮಂಡಿಗಳಲ್ಲಿ ಗೋಣಿಯ ಬಾಯಿಯನ್ನು ಕ್ಷಣಾರ್ಧದಲ್ಲಿ ಹೊಲಿದು ಮುಗಿಸುವ ಕೈಗಳಿವೆ. ಬಲೆಯ ಸೂಜಿ, ಕೊಕ್ಕೆಸೂಜಿ, ದಬ್ಬಣ ಇವು ಮೂರೂ ಬಂದರಿನ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿವೆ. ಒಂದೇ ಉದ್ದೇಶಕ್ಕಾಗಿ ಒಂದೇ ಜಗಲಿಯ ಮೇಲೆ ಅವು ಇನ್ನೂ ಕುಳಿತಿಲ್ಲ.

ನನ್ನ ಸೂಚನೆ ಸರಳವಾದುದು. ಮೀನುಗಾರಿಕೆಯ ನಿಷೇಧದ ಆ 61 ದಿನಗಳಲ್ಲಿ, ವಾರಕ್ಕೊಂದು ಸಂಜೆ, ಬಂದರಿನ ಯಾವುದಾದರೂ ಶಾಲೆಯ ಪಡಸಾಲೆಯಲ್ಲೋ ಖಾಲಿಯಾದ ಗೋದಾಮಿನಲ್ಲೋ, ಹೆಣೆಯಬಲ್ಲವರು ಹತ್ತು ಮಂದಿ ಕುಳಿತುಕೊಳ್ಳಲಿ. ಕಲಿಯಬಯಸುವವರು ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಬೆರಳಬೊಂಬೆಯೊಂದಕ್ಕೆ ಬೇಕಾದುದು ಒಂದು ಹಿಡಿಯಷ್ಟು ನೂಲು, ಒಂದು ಸಂಜೆಯ ಬಿಡುವು. ಸುಮಾರು 18 ಕುಣಿಕೆಗಳನ್ನು ಕಡ್ಡಿಗೇರಿಸಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆಯುತ್ತ, ನಡುಬೆರಳಿನ ಉದ್ದಕ್ಕೆ ಬಂದಾಗ ಎಲ್ಲ ಕುಣಿಕೆಗಳೊಳಗೂ ದಾರವನ್ನು ಪೋಣಿಸಿ ಬಿಗಿಯಾಗಿ ಎಳೆದರೆ ತಲೆಯಾಯಿತು. ಪಕ್ಕದ ಅಂಚುಗಳನ್ನು ಕೂಡಿಸಿ ಹೊಲಿದರೆ ಮೈಯಾಯಿತು. ಕತ್ತಿನ ಸ್ಥಳದಲ್ಲಿ ಒಂದು ಎಳೆಯನ್ನು ಸುತ್ತಿ ತುಸು ಬಿಗಿದರೆ, ಬರಿಯ ಕೊಳವೆಯಾಗಿದ್ದುದು ಇದ್ದಕ್ಕಿದ್ದಂತೆ ಯಾರೋ ಆಗಿಬಿಡುತ್ತದೆ. ಕಣ್ಣು ಬಾಯಿಗಳನ್ನು ನೂಲಿನಿಂದಲೇ ಹೊಲಿಯಬೇಕು. ಗುಂಡಿ, ಮಣಿ, ಮಿಂಚುಗಳನ್ನು ಎಂದಿಗೂ ಬಳಸಕೂಡದು, ಏಕೆಂದರೆ ಕಿತ್ತುಬಂದ ಒಂದು ಮಣಿ ಎಳೆಯ ಗಂಟಲಿಗೆ ಸಾಕು. ಉಣ್ಣೆ ನಮ್ಮ ಸೆಕೆಗೆ ಸಲ್ಲದು, ಬಲೆಯ ನೈಲಾನ್ ದಾರ ಎಳೆಯ ಚರ್ಮಕ್ಕೆ ಸಲ್ಲದು. ಬಿಸಿನೀರಿನಲ್ಲಿ ಕುದಿಸಿದರೂ ಕೆಡದ ಹತ್ತಿನೂಲೇ ತಕ್ಕದ್ದು. ಒಳಗೆ ಹತ್ತಿ ತುಂಬಿದ ಬೊಂಬೆ ನಮ್ಮ ಆಷಾಢದ ಮಳೆಯಲ್ಲಿ ವಾರವಾದರೂ ಒಣಗದೆ ಬೂಸರು ಹಿಡಿಯುತ್ತದೆ. ಕೈಬೊಂಬೆಯ ಒಳಗೆ ಏನೂ ಇಲ್ಲದ ಕಾರಣ ಅದು ಒಂದು ರಾತ್ರಿಯಲ್ಲಿ ಒಣಗುತ್ತದೆ. ನಮ್ಮ ಊರಿಗೆ ಕೈಬೊಂಬೆಯೇ ಒಪ್ಪುತ್ತದೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಬರಬೇಕು. ಹಾಸಿಗೆ ಸಾಲದ, ದಾದಿಯರು ಸಾಲದ ಕಡೆಗಳಲ್ಲಿ ಬೊಂಬೆಯ ಮಾತೇಕೆ ಎಂದು ಕೇಳುವವರ ಕಳಕಳಿ ನನ್ನದೂ ಹೌದು. ಹಾಸಿಗೆಯನ್ನೂ ದಾದಿಯರನ್ನೂ ಔಷಧವನ್ನೂ ಒದಗಿಸುವುದು ಸರಕಾರದ ಕರ್ತವ್ಯ. ಆ ಕರ್ತವ್ಯದ ಸ್ಥಾನದಲ್ಲಿ ಬೊಂಬೆಯನ್ನು ನಿಲ್ಲಿಸಲು ಯಾರಾದರೂ ಯತ್ನಿಸಿದರೆ ಅದನ್ನು ಮೊದಲು ವಿರೋಧಿಸುವವನು ನಾನು. ಆದರೆ ಎಲ್ಲ ಹಾಸಿಗೆಗಳೂ ಎಲ್ಲ ಔಷಧಗಳೂ ಇರುವ ಆಸ್ಪತ್ರೆಯಲ್ಲಿಯೂ ಮಗು ಸೂಜಿಗೆ ಹೆದರುತ್ತದೆ. ಆ ಭಯಕ್ಕೆ ಮದ್ದು ಔಷಧಾಲಯದಲ್ಲಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಯಂತ್ರದ ಬೊಂಬೆ ಸಿಕ್ಕುವಾಗ ಹೆಣೆಯುವ ಶ್ರಮವೇಕೆ ಎಂಬುದು ಇನ್ನೊಂದು ಪ್ರಶ್ನೆ. ಕೊಂಡ ಬೊಂಬೆಯೂ ಇಲ್ಲದಿರುವುದಕ್ಕಿಂತ ಮೇಲು, ಕೊಡಬಲ್ಲವರು ಕೊಡಲಿ. ಆದರೆ ಹೆಣೆದ ಬೊಂಬೆಯಲ್ಲಿ, ಹೆಣೆದವರ ಜೀವನದ ಮೂರು ಗಂಟೆಗಳು ಗಂಟುಗಂಟಾಗಿ ಕುಳಿತಿರುತ್ತವೆ. ಅದನ್ನು ಮಗುವಿಗೆ ಹೇಳಬಹುದು: "ಇದನ್ನು ನಿನಗಾಗಿ ಒಬ್ಬ ಅಜ್ಜಿ ಮಾಡಿದರು." ನಿನಗಾಗಿ ಎಂಬ ಆ ಒಂದು ಶಬ್ದ ಯಂತ್ರದಿಂದ ಹೊರಬರಲಾರದು.

ಮತ್ತೊಂದು ಎಚ್ಚರಿಕೆಯನ್ನು ನಾವೇ ಹೇಳಿಕೊಳ್ಳಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಕೆಲವರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ನೂಲಿನ ಅಷ್ಟಪದಿಗಳನ್ನು ಹೆಣೆದು ಕೊಡಲಾರಂಭಿಸಿದರು. ಅದರ ಸುರುಳಿ ಬಾಹುಗಳು ಹೊಕ್ಕುಳಬಳ್ಳಿಯ ನೆನಪನ್ನು ಕೊಡುತ್ತವೆಂಬ ಕಲ್ಪನೆ ಬಹು ಬೇಗ ಅನೇಕ ದೇಶಗಳಿಗೆ ಹರಡಿತು. ಆದರೆ ಅದರಿಂದ ಶಿಶುವಿನ ಉಸಿರೂ ನಾಡಿಯೂ ಸುಧಾರಿಸುತ್ತವೆಂಬ ಮಾತಿಗೆ ತಕ್ಕಷ್ಟು ಪುರಾವೆಯಿಲ್ಲವೆಂದು ವೈದ್ಯರು ಎಚ್ಚರಿಸಿದರು. ನಾವು ಆ ತಪ್ಪನ್ನು ಮಾಡುವುದು ಬೇಡ. ನಮ್ಮ ಬೊಂಬೆ ಜ್ವರವನ್ನು ಇಳಿಸದು, ರಕ್ತಕಣಗಳನ್ನು ಏರಿಸದು. ಚಿಕಿತ್ಸೆಯ ಹೊತ್ತಿನಲ್ಲಿ ಮಗು ಒಬ್ಬಂಟಿಯಲ್ಲವೆಂದು ಅದು ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಮಾತನ್ನು ಅದರ ಬಾಯಿಯಲ್ಲಿ ನಾವು ಇಡಕೂಡದು. ನವಜಾತ ಶಿಶುಗಳ ಘಟಕಕ್ಕೂ ತೀವ್ರನಿಗಾ ಘಟಕಕ್ಕೂ ವೈದ್ಯರ ಒಪ್ಪಿಗೆಯಿಲ್ಲದೆ ಒಂದು ಎಳೆ ನೂಲೂ ಹೋಗಬಾರದು. ಪ್ರತಿಯೊಂದು ಬೊಂಬೆಯೂ ತೊಳೆದು, ಒಣಗಿಸಿ, ಬೇರೆ ಬೇರೆ ಲಕೋಟೆಗಳಲ್ಲಿ ಮುಚ್ಚಿ ಆಸ್ಪತ್ರೆಯನ್ನು ತಲುಪಬೇಕು. ಒಂದು ಮಗುವಿನ ಕೈ ಸೇರಿದುದು ಇನ್ನೊಂದು ಮಗುವಿನ ಕೈಗೆ ಹೋಗದೆ, ಅದೇ ಮಗುವಿನೊಡನೆ ಮನೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಡುವ ಹೊತ್ತಿನಲ್ಲಿ ಕ್ಯಾಮೆರಾ ಇರಕೂಡದು. ಕೈಗೆ ನಳಿಕೆ ಚುಚ್ಚಿಸಿಕೊಂಡು ಮಲಗಿದ ಮಗುವನ್ನು ನಮ್ಮ ಔದಾರ್ಯದ ಸಾಕ್ಷಿಯಾಗಿ ನಿಲ್ಲಿಸಿದರೆ, ಕೊಟ್ಟುದನ್ನು ಮರಳಿ ಕಿತ್ತುಕೊಂಡಂತೆಯೇ ಸರಿ.

ಆಸ್ಪತ್ರೆಯೊಂದೇ ನಮ್ಮ ಗಮ್ಯವಾಗಬೇಕಾಗಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆಯು, ವಿಶೇಷ ನ್ಯಾಯಾಲಯದಲ್ಲಿ ಮಗುವಿಗೆ ಸ್ನೇಹಮಯವಾದ ವಾತಾವರಣವಿರಬೇಕೆಂದು ವಿಧಿಸುತ್ತದೆ. ಸಾಕ್ಷ್ಯದ ವಿಚಾರದಲ್ಲಿ ಬೊಂಬೆ ತಲೆಹಾಕಕೂಡದು, ಮಗುವಿನ ಮಾತನ್ನು ಯಾರೂ ಬೊಂಬೆಯ ಬಾಯಿಂದ ನಡೆಸಕೂಡದು. ಆದರೆ ಹೆಸರು ಕೂಗುವ ತನಕ ಗಂಟೆಗಟ್ಟಲೆ ಕಾದು ಕೂರುವ ಆ ಬೆಂಚಿನ ಮೇಲೆ, ಆ ಮಗುವಿನ ಮುಷ್ಟಿಯೊಳಗೆ, ಹಿಡಿದುಕೊಳ್ಳಲು ಏನಾದರೊಂದು ಇರಲಿ. ನಮ್ಮ ಗಡಿಯಾಚೆ ಕಾಸರಗೋಡಿನ ಪಡ್ರೆಯಂಥ ಕನ್ನಡದ ಹಳ್ಳಿಗಳಲ್ಲಿಯೂ, ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಿನಲ್ಲಿಯೂ, ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ವಿಷದ ಪರಿಣಾಮವನ್ನು ಮೈಯಲ್ಲಿ ಹೊತ್ತು ಬದುಕುತ್ತಿರುವ ಮಕ್ಕಳಿದ್ದಾರೆ; ಆ ಸಿಂಪಡಣೆ 2000ದಲ್ಲಿ ನಿಂತರೂ ಅವರ ಶಯ್ಯೆಯ ದಿನಗಳು ಮುಗಿದಿಲ್ಲ. ಮಾತು ಬಾರದ, ನಡೆಯಲಾರದ ಮಗುವಿನ ಬಳಿ ವರ್ಷಾನುಗಟ್ಟಲೆ ಕುಳಿತ ತಾಯಿಗೆ, ಮಗುವಿನೊಡನೆ ಆಡಲು ಒಂದು ಬೊಂಬೆ ಸಿಕ್ಕಿದರೆ, ಅದು ಇಬ್ಬರಿಗೂ ಸಿಕ್ಕಿದಂತೆ.

ನಾಲ್ಕನೆಯ ದಿನ ಆ ಹೆಣ್ಣುಮಗುವನ್ನು ಮನೆಗೆ ಕಳುಹಿಸಿದರು. ಹೊರಡುವಾಗ ಅವಳ ತಾಯಿ ಬೊಂಬೆಯನ್ನು ಬಿಡಿಸಿಕೊಂಡು, ಬಹಳ ಸಂಕೋಚದಿಂದ, ಆ ಮುದುಕಿಯ ಮುಂದೆ ಹಿಡಿದಳು. ಅದು ಅವರ ಮೊಮ್ಮಗನ ಟೊಪ್ಪಿಯಾಗಬೇಕಾದುದು ಎಂಬುದು ಅವಳಿಗೂ ಗೊತ್ತಿತ್ತು. ಮುದುಕಿ ತಲೆಯಾಡಿಸಿ, ಅದನ್ನು ಮತ್ತೆ ಮಗುವಿನ ಬೆರಳುಗಳಿಗೇ ತೊಡಿಸಿದರು. ತಂದೆಯ ಹೆಗಲ ಮೇಲಿನಿಂದ ಆ ಬಿಳಿಯ ಬೊಂಬೆ, ಬಾಗಿಲು ದಾಟುವ ತನಕ, ವಾರ್ಡಿನಲ್ಲಿ ಉಳಿದ ನಮ್ಮೆಲ್ಲರಿಗೂ ತಲೆಬಾಗುತ್ತ ಹೋಯಿತು. ಆಮೇಲೆ ಮುದುಕಿ ಹಾಸಿಗೆಯ ಅಂಚಿನಲ್ಲಿ ಕುಳಿತು, ಕೈಚೀಲದಿಂದ ನೂಲಿನ ಉಂಡೆಯನ್ನು ತೆಗೆದು, ಮೊದಲ ಕುಣಿಕೆಯನ್ನು ಹಾಕಿ, ತುಟಿ ಅಲುಗಿಸುತ್ತ ಮತ್ತೆ ಒಂದರಿಂದ ಎಣಿಸತೊಡಗಿದರು.